ಎರಡನೆಯ ಮನೆ: ಬಿಟ್ಟು ಓದಿದ ಹೆಸರು

"ಇನ್ನೊಮ್ಮೆ ಓದು, ತಂಗಿ. ಈ ಸರ್ತಿ ಸಾವಕಾಶ."

ಶರಣಬಸಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಖುರ್ಷಿದಾ ಅಫಿಡವಿಟ್ಟಿನ ನಕಲನ್ನು ಬಾಗಿಲ ಬೆಳಕಿಗೆ ಹಿಡಿದು ಮೊದಲಿನಿಂದ ಶುರು ಮಾಡಿದಳು.

"'ಯಲಬುರ್ಗಾದ ಕಾಯಂ ರಹವಾಸಿ ರಾಜಾಬೀ ಗಂಡ... ವಯಸ್ಸು ಎಪ್ಪತ್ತೈದು, ಕೂಲಿನಾಲಿ ಮಾಡಿ ಬದುಕಿದವಳು, ಕೇಳಿದವರಿಗೆ ನಿಜವನ್ನೇ ಹೇಳುವವಳು, ತಮ್ಮಲ್ಲಿ ಕೈಮುಗಿದು ಅರಿಕೆ ಮಾಡುವುದೇನೆಂದರೆ, ಹನುಮನಹಳ್ಳಿಯ ಸದರಿ ಮನೆ ನನ್ನ ಸ್ವಂತದ್ದು...'"

ಮೂಲೆಯಲ್ಲಿ ಕೌದಿಯ ಮೇಲೆ ಕೂತಿದ್ದ ಖುರ್ಷಿದಾಳ ಅತ್ತೆ ರಾಜಾಬೀ ನಕ್ಕಳು. ಹಲ್ಲಿಲ್ಲದ ನಗು. ಅದರಲ್ಲಿ ಸಂತೋಷವೂ ಇರಲಿಲ್ಲ.

"ಕೇಳ್ದೇನ ಶರಣವ್ವ? ನಂದೊಂದು ಮನಿ ಐತಂತ. ಹಸರ ಗೇಟಂತ, ಆರು ಖೋಲಿ ಅಂತ, ನಳ ತಿರುವಿದ್ರ ಬಿಸಿನೀರ ಬರ್ತಾವಂತ. ನನಗೊಮ್ಮೆ ತೋರಸ್ರೆವ್ವಾ. ಒಂದಿನ ಅಲ್ಲಿ ಜಳಕ ಮಾಡಿ ಆಮ್ಯಾಲ ಸಾಯ್ತೀನಿ."

ಆ ಮನೆಯನ್ನು ರಾಜಾಬೀ ಕಂಡವಳಲ್ಲ. ಆದರೂ ಅದು ಅವಳ ಹೆಸರಿನಲ್ಲಿದೆ ಎಂದು ಕಂಪ್ಯೂಟರು ಹೇಳಿದ ದಿನದಿಂದ, ಇವತ್ತಿಗೆ ಐದು ತಿಂಗಳು, ಅವಳ ಮುದುಕರ ಪಗಾರ, ಸರ್ಕಾರ ಕೊಡುವ ವೃದ್ಧಾಪ್ಯ ವೇತನ, ನಿಂತಿತ್ತು. ಅದರ ಹಿಂದೆಯೇ ರೇಷನ್ ಕಾರ್ಡೂ ಹೋಗಿತ್ತು. ನಾಳೆ ಹನ್ನೊಂದಕ್ಕೆ ತಹಶೀಲ್ದಾರರ ಮುಂದೆ ವಿಚಾರಣೆ. ಮನೆ ತನ್ನದಲ್ಲವೆಂದು ಅವಳು ತೋರಿಸಬೇಕು. ತೋರಿಸದಿದ್ದರೆ ಹತ್ತು ವರ್ಷ ಉಂಡದ್ದನ್ನೆಲ್ಲ ತಿರುಗಿ ಕಟ್ಟಬೇಕು. ಸುಳ್ಳು ಹೇಳಿದ ಕೇಸು ಬೇರೆ.

ಸರ್ಕಾರಿ ಸಾಲಿಯಲ್ಲಿ ಬಿಸಿಯೂಟ ಮಾಡಿ, ಹೊಗೆಯಲ್ಲಿ ಕಣ್ಣು ಕಳೆದುಕೊಂಡವಳು ರಾಜಾಬೀ. ಅರವತ್ತು ತುಂಬಿದ ದಿನ ಒಂದು ಶಾಲು ಹೊದಿಸಿ ಮನೆಗೆ ಕಳಿಸಿದ್ದರು. ಅವಳಿಗಿದ್ದದ್ದು ಆಶ್ರಯ ಯೋಜನೆಯ ಈ ಒಂದು ಖೋಲಿ. ಅದನ್ನು ಯಾರೂ ತಪ್ಪೆನ್ನಲಿಲ್ಲ. "ಒಂದು ಮನಿ ಇದ್ರ ಬಡವಿ, ಎರಡಿದ್ರ ಸಾವ್ಕಾರ್ತಿ. ಬಾಡಿಗಿ ಬರೂ ಮನಿ ಇದ್ದಾಕಿಗೆ ಪಗಾರ ಹ್ಯಾಂಗ ಕೊಡೂದು?" ಎಂದು ಆಫೀಸಿನ ಗುಮಾಸ್ತ ಕೈ ಚೆಲ್ಲಿದ್ದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತ್ತು.

ಖುರ್ಷಿದಾ ಓದುತ್ತಲೇ ಇದ್ದಳು. ಶರಣಬಸಮ್ಮನ ತುಟಿ ತಾವಾಗಿಯೇ ಅಲುಗುತ್ತಿದ್ದವು. 'ಕೇಳಿದವರಿಗೆ ನಿಜವನ್ನೇ ಹೇಳುವವಳು' ಎಂಬಲ್ಲಿಗೆ ಓದುವವಳಿಗಿಂತ ಒಂದು ಶಬ್ದ ಮುಂದೆಯೇ ಹೋಗಿದ್ದವು. ಸಣ್ಣಂದಿನಲ್ಲಿ ಕೇಳಿದ ಪದವೊಂದು ಯಾರೋ ಹಾಡಿದಾಗ ನಾಲಗೆಗೆ ಬರುತ್ತದಲ್ಲ, ಹಾಗೆ.

ಎಲ್ಲಿ ಕೇಳಿದ್ದೆ ಇದನ್ನು?

ಅವಳ ಅಪ್ಪ ಮಂಗಳೂರಿನ ಗುಡಿಯಲ್ಲಿ ಪುರಾಣ ಹೇಳುತ್ತಿದ್ದವನು. ಕಡಲ ದಂಡೆಯ ಮಂಗಳೂರಲ್ಲ, ಇದೇ ಯಲಬುರ್ಗಾ ಸೀಮೆಯ ಎರೆನೆಲದ ಮಂಗಳೂರು. ಅಪ್ಪನ ಮಗ್ಗುಲಲ್ಲಿ ಕೂತು ಕೇಳಿ ಬೆಳೆದ ಕಿವಿ ಇವಳದು. ಮೂವತ್ತು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರಾಗಿ, ಬಂದವರ ಗೋಳು ಕೇಳಿ ಬರೆದದ್ದೂ ಆ ಕಿವಿಯಿಂದಲೇ. ನಿವೃತ್ತಳಾದ ಮೇಲೆ ಕಣ್ಣಿಗೆ ಪೊರೆ ಬಂತು. ಅಕ್ಷರಗಳು ಇರುವೆ ಸಾಲಾದವು. ಕಿವಿ ಮಾತ್ರ ಹಾಗೇ ಉಳಿಯಿತು. ಸಾಲಿನಲ್ಲಿ ಒಂದು ಮಾತ್ರೆ ಕುಂಟಿದರೂ ಅದಕ್ಕೆ ಗೊತ್ತಾಗುತ್ತಿತ್ತು.

"ನಿಲ್ಲು," ಎಂದಳು ಶರಣಬಸಮ್ಮ. "ಮೊದಲನೇ ಸಾಲಿನ್ಯಾಗ ಒಂದು ಶಬ್ದ ಬಿಟ್ಟಿ."

ಖುರ್ಷಿದಾ ತಲೆ ತಗ್ಗಿಸಿದಳು.

"ಗಂಡ ಅಂದಿ, ಆಮ್ಯಾಲ ವಯಸ್ಸಿಗೆ ಹಾರಿದಿ. ಮೂರು ಸರ್ತಿನೂ ಅಲ್ಲೇ ಹಾರಿದಿ. ಏನೈತಿ ಅಲ್ಲಿ?"

"ಹೆಸರೈತ್ರಿ, ಅಕ್ಕಾರ."

"ನಿಮ್ಮ ಮಾವಂದು. ಓದಿದ್ರ ಏನಾಕ್ಕತಿ?"

"ಮಾವಂದಲ್ರಿ." ಅವಳ ಕೆನ್ನೆ ಕೆಂಪಾದವು. "ನಮ್ಮನಿಯವರದು."

ಶರಣಬಸಮ್ಮ ಕಣ್ಣು ತೆರೆದಳು.

ಗಂಡ ಸತ್ತು ನಾಲ್ಕು ವರ್ಷವಾಗಿದ್ದರೂ ಖುರ್ಷಿದಾ ಅವನ ಹೆಸರನ್ನು ಬಾಯಿಗೆ ತಂದವಳಲ್ಲ. ಹಾಳೆಯಲ್ಲಿ ಕಂಡರೂ ಕಣ್ಣು ತಾನಾಗಿಯೇ ದಾಟಿಬಿಟ್ಟಿತ್ತು.

"ಬಾಬಾಸಾಬ ಅಂತ ಬರ್ದಾರೇನು?"

"ಹೂಂನ್ರಿ. 'ರಾಜಾಬೀ ಗಂಡ' ಅಂತಂದು ಅವರ ಹೆಸರ ಬರ್ದಾರ. ಆಫೀಸಿನ ಮಂದಿ ಹಿಂಗ ತಪ್ಪು ಬರೀತಾರಂತ ನಾ ಸುಮ್ಮನಿದ್ದೆ. ರೇಷನ್ ಕಾರ್ಡಿನ್ಯಾಗ ನನ್ನ 'ಖುರ್ಚಿದಾ' ಅಂತ ಬರ್ದಿದ್ರು. ಹತ್ತು ವರ್ಷ ನಾ ಖುರ್ಚಿ ಆಗೇ ಅಕ್ಕಿ ತಂದೀನ್ರಿ."

"ಯಾ ಅಲ್ಲಾ!" ರಾಜಾಬೀ ಎದೆಗೆ ಕೈ ಇಟ್ಟುಕೊಂಡಳು. "ಹೆತ್ತ ಮಗನ್ನ ತಂದು ಗಂಡನ ಜಾಗಕ್ಕ ಕುಂದರ್ಸ್ಯಾರ? ಈ ಪಾಪ ಯಾರ ತಲಿಗೆ?"

ರಾಜಾಬೀಯ ಗಂಡನ ಹೆಸರು ಹಾಜಿಸಾಬ. ತೀರಿಕೊಂಡು ಹದಿನೈದು ವರ್ಷ. ಆಧಾರ್, ವೋಟಿನ ಕಾರ್ಡು, ಪಗಾರದ ಆದೇಶ, ಎಲ್ಲದರಲ್ಲೂ ಹಾಜಿಸಾಬನೇ ಇದ್ದ. ಹನುಮನಹಳ್ಳಿಯ ಮನೆಗಾಗಿ ಕೊಟ್ಟ ಈ ಅಫಿಡವಿಟ್ಟಿನಲ್ಲಿ ಮಾತ್ರ ಬಾಬಾಸಾಬ. ಹಾಗಾದರೆ ಇದನ್ನು ಮಾಡಿಸಿದವರು ಆಧಾರ್ ನೋಡಿಲ್ಲ, ಇನ್ನೇನನ್ನೋ ನೋಡಿದ್ದಾರೆ.

"ರಾಜಾಬೀ ಅಕ್ಕ, ಒಂದು ಮಾತು. ನಿಮ್ಮ ರಫೀಕ ಈ ಕೆಲಸ ಮಾಡಿಲ್ಲ."

ಕಿರಿಮಗ ರಫೀಕ ಗಂಗಾವತಿಯಲ್ಲಿ ಆಟೋ ಓಡಿಸುತ್ತಿದ್ದ, ಅಂಜನಾದ್ರಿಗೆ ಬರುವ ಭಕ್ತರನ್ನು ಹನುಮನಹಳ್ಳಿಗೆ ಮುಟ್ಟಿಸುತ್ತಿದ್ದ. ಎಲ್ಲರ ಬೆರಳೂ ಐದು ತಿಂಗಳಿಂದ ಅವನ ಕಡೆಗೇ ಇತ್ತು. ತಾಯಿ ಅವನಿಗೆ ಬಾಗಿಲು ಹಾಕಿದ್ದಳು.

"ಹ್ಯಾಂಗ ಹೇಳ್ತಿ ನೀ?"

"ಮಗ ಆದಾಂವ ಏನರ ಮರೀಲಿ, ಅಪ್ಪನ ಹೆಸರು ಮರಿಯಾಂಗಿಲ್ಲ. ಅಣ್ಣನ ಹೆಸರು ಅಪ್ಪನ ಜಾಗಕ್ಕ ಬರೆಸಾಂಗಿಲ್ಲ."

ರಾಜಾಬೀ ಮಂಜುಗಣ್ಣು ಒರೆಸಿಕೊಂಡಳು. "ರಂಜಾನಿಗೆ ಬಂದಿದ್ದ ಶರಣವ್ವ. ಹೊಸ ಸೀರಿ ಹಿಡಕೊಂಡು ಬಾಗಿಲಾಗ ನಿಂತಿದ್ದ. ನಾನ ಅಂದೆ, ಹೋಗಲೇ, ನಿನ್ನ ಮನಿ ಮಣ್ಣಾಗಿ ಹೋಗ್ಲಿ ಅಂತ ಅಂದೆ."

ಶರಣಬಸಮ್ಮ ಅವಳ ಹತ್ತಿರಕ್ಕೆ ಸರಿದು ಕೂತಳು.

"ಹೆಬ್ಬೆಟ್ಟು ಯಾರು ಒತ್ತಿಸ್ಕೊಂಡ್ರು, ನೆನಪ ಮಾಡ್ಕೊ ಅಕ್ಕ."

"ಹೋದ ವರ್ಷ ಒಬ್ಬಾಕಿ ಬಂದಿದ್ಲು. ಪಗಾರದ ಹಾಳಿ ಅಂದ್ಲು, ನಾಕು ಕಡೆ ಒತ್ತಿದೆ. ಮಾರಿ ಕಾಣ್ಲಿಲ್ಲ ನನಗ. ದನಿ ಮಾತ್ರ ಸಕ್ಕರಿ. ಅಂಥಾ ದನಿ ಇದ್ದಾಕಿ ಸುಳ್ಳು ಹೇಳ್ತಾಳಂತ ಯಾರಿಗೆ ಅನಸ್ತೈತಿ?"

ಶರಣಬಸಮ್ಮ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಕೆಳಗೆ ದಪ್ಪ ಅಕ್ಷರದಲ್ಲಿ 'ಸಾಕ್ಷಿದಾರ್ರು' ಎಂದಿತ್ತು. ಅದರ ಮುಂದೆ ಝೆರಾಕ್ಸಿನ ಕಪ್ಪು ಕಲೆ. ಹೆಸರಾಗಲಿ ಸಹಿಯಾಗಲಿ ಯಾರದೆಂದು ಕಾಣುತ್ತಿರಲಿಲ್ಲ.

ಆದರೆ 'ಸಾಕ್ಷಿದಾರ್ರು' ಎಂದು ಒತ್ತಿ ಬರೆಯುವವನು ಈ ತಾಲೂಕಿನಲ್ಲಿ ಒಬ್ಬನೇ.

*

ತಾಲೂಕು ಕಚೇರಿಯ ಎದುರು ಹುಲಗಪ್ಪನ ತಗಡಿನ ಡಬ್ಬಿ ಅಂಗಡಿ. ಮೊದಲು ಟೈಪ್‌ರೈಟರು ಇತ್ತು, ಈಗ ಕಂಪ್ಯೂಟರು. ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು, ಏನು ಕೇಳಿದರೂ ಹೊಡೆದು ಕೊಡುವನು.

"ಬರ್ರಿ ಅಕ್ಕಾರ, ಕುಂದರ್ರಿ. ಚಾ ಹೇಳ್ಲಿ?"

"ಚಾ ಬ್ಯಾಡ. ಇದು ನೀ ಹೊಡದದ್ದು."

ಹುಲಗಪ್ಪ ಹಾಳೆಯ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟ. "ದಿನಕ್ಕ ಐವತ್ತು ಹೊಡೀತೀನ್ರಿ. ಯಾವುದಂತ ನೆನಪಿಡ್ಲಿ?"

"ಠಾಣ್ಯಾಗ ಇಪ್ಪತ್ತು ವರ್ಷ ನಿನ್ನ 'ಸಾಕ್ಷಿದಾರ್ರು' ತಿದ್ದೀನಪ್ಪಾ. ಇನ್ನೂ ರಕಾರಕ್ಕ ಒತ್ತು ಇಡ್ತಿ."

ಅವನು ಹಲ್ಲು ಕಿರಿದ. "ಗೌರವಕ್ಕ ಇರ್ಲಿ ಅಂತ್ರಿ. ಬರೇ 'ಸಾಕ್ಷಿದಾರ' ಅಂದ್ರ ಏಕವಚನ ಆಕ್ಕತಿ."

"ಆ ಮನಿ ಯಾರದು?"

"ನನಗೇನ್ ಗೊತ್ರಿ? ಅಲ್ಲಿ ಹೊಳಿ ದಂಡಿಗೆ ಕಟ್ಟಾಕ ಪರವಾನಿಗಿ ಸಿಗಾಂಗಿಲ್ಲ. ನಾಳೆ ಕೇಸು ಬಿದ್ರ ತಮ್ಮ ಹೆಸರು ಬರಬಾರದಂತ ಯಾರರ ಮುದುಕ್ಯಾರ ಹೆಸರಿಗೆ ಮಾಡಿಸ್ತಾರ. ಜೈಲಿಗೆ ಹಾಕಾಕ ಬಂದಾಗ ಮುದುಕಿ ಇರ್ತಾಳೋ ಇಲ್ಲೋ."

ಅಷ್ಟು ಹಗುರಾಗಿ ಹೇಳಿದ, ಹೊಲದ ಬದುವಿನ ಮಾತು ಹೇಳಿದ ಹಾಗೆ.

"ಗಂಡನ ಹೆಸರು ಬಾಬಾಸಾಬ ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಹಳೇ ಅರ್ಜಿ ಮುಂದಿಟ್ರು. ಹೆಸರು, ಮೊದಲಿನ ನಾಕು ಸಾಲು ಇದರಂಗ ಇರ್ಲಿ, ವಯಸ್ಸಷ್ಟು ಬದಲು ಮಾಡು ಅಂದ್ರು. ಇದ್ದದ್ದು ಇದ್ದಂಗ ಹೊಡದೆ."

"ಎಂಥಾ ಅರ್ಜಿ?"

"ಕೈಲೆ ಬರೆದದ್ದು. ನೀಲಿ ಮಸಿ. ಮ್ಯಾಲ ನಟ್ಟನಡುವ 'ಶ್ರೀ', ಅದರ ಬುಡಕ ಎರಡು ಗೆರಿ."

ಶರಣಬಸಮ್ಮನ ಕೈ ಮೇಜಿನ ಅಂಚನ್ನು ಹಿಡಿಯಿತು. ಹೊರಗೆ ಕುಷ್ಟಗಿ ಬಸ್ಸು ಹಾರ್ನು ಹಾಕಿ ಹೋಯಿತು.

"ಅಕ್ಷರ ಯಾರವು, ಹುಲಗಪ್ಪ?"

ಹುಲಗಪ್ಪ ಅವಳ ಮುಖ ನೋಡಿದ. ಚೇಷ್ಟೆ ಮಾಡುತ್ತಿಲ್ಲವೆಂದು ತಿಳಿದಾಗ ಅವನ ನಗು ಇಳಿಯಿತು.

"ಇದೇನ್ ಕೇಳ್ತೀರಿ ಅಕ್ಕಾರ? ನಿಮ್ಮವ. ನಾ ತಿಳಿದದ್ದು, ನೀವ ಕಳಿಸೀರಿ ಅಂತ. ಅದಕ್ಕ ರೊಕ್ಕಾನೂ ಮುಟ್ಟಲಿಲ್ಲ ನಾ."

"ತಂದವರು ಯಾರು?"

"ಅದನ್ನ ಕೇಳಬ್ಯಾಡ್ರಿ."

"ನಾಳೆ ಹನ್ನೊಂದಕ್ಕ ಬಾ. ತಹಶೀಲ್ದಾರ್ರ ಮುಂದ ಇದನ್ನ ಹೇಳು. ಮುದುಕಿ ಉಳೀತಾಳ."

"ಬರ್ತೀನ್ರಿ. ಹೇಳ್ತೀನಿ. ಆದರ ಆ ಹಳೇ ಅರ್ಜಿ ಯಾರ ಮನ್ಯಾಗಿತ್ತು ಅಂತ ಸಾಹೇಬ್ರು ಕೇಳ್ತಾರ." ಹುಲಗಪ್ಪ ದನಿ ತಗ್ಗಿಸಿದ. "ಅದನ್ನೂ ನಾನ ಹೇಳ್ಲೇನು? ಇಲ್ಲಾ ನೀವ ಹೇಳ್ತೀರೇನು?"

*

ಮನೆಯ ದಾರಿ ಹಿಡಿದಾಗ ಬಿಸಿಲು ಇಳಿಯುತ್ತಿತ್ತು. ಕಾಲು ತಮ್ಮ ಪಾಡಿಗೆ ನಡೆದವು. ಮನಸ್ಸು ಹತ್ತು ವರ್ಷ ಹಿಂದಕ್ಕೆ ಹೋಗಿತ್ತು.

ಠಾಣೆಯ ಕಟ್ಟೆಯ ಮೇಲೆ ರಾಜಾಬೀ ಕೂತಿದ್ದಳು. ಪಗಾರದ ಅರ್ಜಿ ಬರೆದು ಕೊಡವ್ವ ಎಂದು ಬಂದಿದ್ದಳು. ಗಂಡನ ಹೆಸರೇನು ಎಂದರೆ ಬಾಯಿ ಬಿಡಲಿಲ್ಲ. "ಬಾಬಾಸಾಬನ ಅಪ್ಪ" ಎಂದು ಸೆರಗಿನೊಳಗೆ ಗೊಣಗಿದಳು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು, ಯಾರೋ ಕುಡುಕ ಕೂಗಾಡುತ್ತಿದ್ದ. ಎಂದೂ ತಪ್ಪದ ಆ ಕಿವಿ ಅವತ್ತು ಅರ್ಧವನ್ನೇ ಕೇಳಿತು. ಕೈ 'ಬಾಬಾಸಾಬ' ಎಂದು ಬರೆಯಿತು.

ವೋಟಿನ ಕಾರ್ಡಿಗೆ ತಾಳೆಯಾಗದೆ ಆಫೀಸಿನವರು ಅರ್ಜಿ ಹರಿದು ಹಾಕಿದರು. ಶರಣಬಸಮ್ಮ ನಾಲಗೆ ಕಚ್ಚಿಕೊಂಡು ಸರಿಯಾದದ್ದನ್ನು ಬರೆದು ಕೊಟ್ಟಳು. ಆದರೆ ಯಾವ ಅರ್ಜಿಯನ್ನಾದರೂ ಎರಡು ಪ್ರತಿ ಬರೆಯುವುದು ಅವಳ ರೂಢಿ. ತಪ್ಪಿನದೊಂದು ಪ್ರತಿ ಕೈಯಲ್ಲೇ ಉಳಿಯಿತು.

ಅದನ್ನು ಹರಿಯಲು ಮನಸ್ಸು ಬರಲಿಲ್ಲ. ಮೇಲೆ 'ಶ್ರೀ' ಇತ್ತು. ದೇವರ ಹೆಸರಿದ್ದ ಹಾಳೆ ಹರಿಯಬಾರದು, ಕಾಲಿಗೆ ತಾಗಬಾರದು ಎಂದು ಅಪ್ಪ ಕಲಿಸಿದ್ದ. ಹೀಗೇ ಬರೆದ ಇಪ್ಪತ್ತಮೂರು ಹೆಂಗಸರ ಅರ್ಜಿಗಳ ಜೊತೆ ಅದೂ ಮನೆಯ ದೇವರ ಜಗುಲಿ ಸೇರಿತು. ಅಪ್ಪ ಓದುತ್ತಿದ್ದ ಪುರಾಣದ ಹೊತ್ತಗೆಯ ಅಡಿಗೆ, ಕೆಂಪು ಬಟ್ಟೆಯ ಗಂಟಿನಲ್ಲಿ.

ಅವಳ ಭಕ್ತಿಯೇ ಅದನ್ನು ಕಾದಿಟ್ಟಿತ್ತು.

ಮನೆಯಲ್ಲಿ ಇರುವವರು ಮೂವರು. ಅವಳು, ಮಗ ಮಲ್ಲೇಶ, ಸೊಸೆ ನೇತ್ರಾವತಿ. ಮಲ್ಲೇಶ ಹೋದ ವರ್ಷ ಹೆಂಡತಿಯ ಅಣ್ಣನ ಜೊತೆ ಸೇರಿ ಗಂಗಾವತಿ ಕಡೆ ಮನೆ ಕಟ್ಟಿಸುವ ಕೆಲಸ ಹಿಡಿದಿದ್ದ. ಮೊದಲಿನಂತೆ ತಾಯಿಯ ಮುಖ ನೋಡಿ ಮಾತಾಡುತ್ತಿರಲಿಲ್ಲ.

ಅವನೇ. ಅವನಲ್ಲದೆ ಇನ್ಯಾರು?

ನಾಳೆ ಹೇಳಿದರೆ ಮಗ ಹೋಗುತ್ತಾನೆ. ಹೇಳದಿದ್ದರೆ ರಾಜಾಬೀ. ದೇವರೇ, ಇಷ್ಟು ದಿನ ನನ್ನ ಕಿವಿ ಕಾದದ್ದು ಇದಕ್ಕೇನು?

ಮಲ್ಲೇಶ ಮನೆಯಲ್ಲಿರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. "ಬಂದ್ರೇನ್ರಿ ಅತ್ತಿ? ಕೈಕಾಲು ತೊಳಕೊಳ್ರಿ, ಬಿಸಿ ರೊಟ್ಟಿ ಕೊಡ್ತೀನಿ," ಎಂದಳು ನೇತ್ರಾವತಿ ಒಳಗಿನಿಂದಲೇ.

ಶರಣಬಸಮ್ಮ ದೇವರ ಜಗುಲಿಯ ಮುಂದೆ ಕೂತು ಕೆಂಪು ಗಂಟನ್ನು ತೊಡೆಯ ಮೇಲೆ ಇಳಿಸಿಕೊಂಡಳು. ಬೆರಳಿಂದ ಗಂಟು ತಡವಿದಳು. ಎರಡು ಸುತ್ತು, ಎಡಕ್ಕೆ ಮಡಚಿ ಒಳಗೆ ಸಿಕ್ಕಿಸಿದ ತುದಿ. ಅಪ್ಪ ಹಾಕುತ್ತಿದ್ದ ಗಂಟು.

ಮಲ್ಲೇಶನಿಗೆ ಈ ಗಂಟು ಬಾರದು. ಎಷ್ಟು ಕಲಿಸಿದರೂ ಬರಲಿಲ್ಲ.

ಬರುವುದು ಇಬ್ಬರಿಗೆ. ತನಗೆ, ಮತ್ತೆ ದಿನಾ ಸಂಜೆ ಇದನ್ನು ಬಿಚ್ಚಿ ತನಗೆ ಪುರಾಣ ಓದಿ ಹೇಳಿ, ತಿರುಗಿ ಕಟ್ಟಿಡುವವಳಿಗೆ. ಪೊರೆ ಬಂದ ಮೇಲೆ ಪುರಾಣವೊಂದೇ ಅಲ್ಲ, ಬ್ಯಾಂಕಿನ ಚೀಟಿ, ಇನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಬರೆದುಕೊಡುವ ಪಿಂಚಣಿಯ ಕಾಗದ, ಎಲ್ಲವನ್ನೂ ಆ ಹುಡುಗಿಯೇ ಓದುತ್ತಿದ್ದಳು. ಬೆರಳಿಟ್ಟು ತೋರಿಸಿದಲ್ಲಿ ಶರಣಬಸಮ್ಮ ಸಹಿ ಮಾಡುತ್ತಿದ್ದಳು.

ದನಿ ಮಾತ್ರ ಸಕ್ಕರಿ, ಎಂದಿದ್ದಳು ರಾಜಾಬೀ.

ಗಂಟು ಬಿಚ್ಚಿದಳು. ಹೊತ್ತಗೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಕೆಳಗೆ ಹಾಳೆಗಳ ಕಟ್ಟು ಇತ್ತು, ದಪ್ಪವೂ ಅಷ್ಟೇ ಇತ್ತು. ಒಂದನ್ನು ಎತ್ತಿ ಮೂಗಿನ ಹತ್ತಿರ ತಂದಳು.

ಹಳೆಯ ನ್ಯೂಸ್‌ಪೇಪರು. ಅರ್ಜಿಯ ಅಳತೆಗೇ ನೀಟಾಗಿ ಕತ್ತರಿಸಿದ ಪೇಪರು. ಎರಡನೆಯದೂ ಅದೇ. ಹತ್ತನೆಯದೂ ಅದೇ.

ರಾಜಾಬೀ ಒಬ್ಬಳದಲ್ಲ. ಉಳಿದ ಇಪ್ಪತ್ತಮೂರೂ ಹೋಗಿದ್ದವು.

"ಶರಣವ್ವಾ, ಅದೀಯೇನು?"

ಹೊಸ್ತಿಲ ಬಳಿ ಹೊಳಿಯಮ್ಮ ನಿಂತಿದ್ದಳು. ಹಿಂದಿನ ಓಣಿಯವಳು. ಕಳೆ ತೆಗೆದು ಬೆನ್ನು ಬಾಗಿದವಳು. ಅವಳಿಗೂ ಪಗಾರದ ಅರ್ಜಿ ಬರೆದವಳು ಶರಣಬಸಮ್ಮನೇ. ಕೈಯಲ್ಲಿ ಒಡೆದ ಲಕೋಟೆ ಇತ್ತು.

"ಆಫೀಸಿಂದ ಬಂದೈತೆವ್ವ. ಪಗಾರ ನಿಲ್ಲಸ್ಯಾರಂತ, ಟಪಾಲಿನಾಂವ ಹೇಳಿದ. ನಂದೊಂದು ಮನಿ ಐತಂತ, ಹನುಮನಹಳ್ಳ್ಯಾಗ. ನಾ ಆ ಊರು ನೋಡೇ ಇಲ್ಲ. ನಿನಗ ಕಣ್ಣು ಕಾಣಾಂಗಿಲ್ಲ, ನಿನ್ನ ಸೊಸೀನ ಕರಿ. ಚಂದಾಗಿ ಓದ್ತಾಳ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ನೇತ್ರಾ," ಎಂದಳು ಶರಣಬಸಮ್ಮ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. "ಬಾ. ಓದು."

ಹಿಟ್ಟಿನ ಕೈ ಒರೆಸಿಕೊಂಡು ನೇತ್ರಾವತಿ ಬಂದಳು. ಜಗುಲಿಯ ಮುಂದೆ ಹರಡಿದ್ದ ಪೇಪರಿನ ಚೂರು ಕಂಡಳು. ಲಕೋಟೆ ತೆಗೆದುಕೊಂಡಳು. ಒಳಗೆ ನೋಟೀಸು, ಅದರ ಬೆನ್ನಿಗೆ ಅಫಿಡವಿಟ್ಟಿನ ನಕಲು. ನೋಟೀಸು ಓದಿದಳು. ನಕಲೂ ಓದಿದಳು. ಪುರಾಣ ಓದುವ ಅದೇ ದನಿ, ಅದೇ ಏರಿಳಿತ.

"'...ಕೇಳಿದವರಿಗೆ ನಿಜವನ್ನೇ ಹೇಳುವವಳು, ತಮ್ಮಲ್ಲಿ ಕೈಮುಗಿದು ಅರಿಕೆ ಮಾಡುವುದೇನೆಂದರೆ...'"

ಹೊಳಿಯಮ್ಮ ಕಣ್ಣಿಗೆ ಸೆರಗು ಹಚ್ಚಿದಳು.

"'...ಎಂದು ಹೆಬ್ಬೆಟ್ಟು ಒತ್ತಿದ್ದೇನೆ. ಸಾಕ್ಷಿದಾರ್ರು... ನಿವೃತ್ತ ಪೊಲೀಸ್ ಸಿಬ್ಬಂದಿ, ಯಲಬುರ್ಗಾ.'"

ಅಲ್ಲಿ ಸಾಲು ಕುಂಟಿತು.

"ಒಂದು ಹೆಸರು ಬಿಟ್ಟಿ," ಎಂದಳು ಶರಣಬಸಮ್ಮ. "ಓದು."

ನೇತ್ರಾವತಿ ತುಟಿ ಕಚ್ಚಿ ನಿಂತಳು.

"ಓದು, ನೇತ್ರಾ."

"ಹ್ಯಾಂಗ ಓದ್ಲಿ?" ನೇತ್ರಾವತಿ ಹಾಳೆ ಮಡಚಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. "ಸೊಸಿ ಆದಾಕಿ ಅತ್ತಿ ಹೆಸರು ಬಾಯಿಲೆ ಹ್ಯಾಂಗ ಹೇಳ್ಬೇಕ್ರಿ?"